ಒಂದೇ ಹಾಡು, ಮೂರು ಸೈಡು, ಕಾರವಾರದ ಮಳೆ: ಡೋಪ್‌ಸ್ಮೋಕರ್ ಎಲ್‌ಪಿ ರಿವ್ಯೂ

ಮೊದ್ಲೇ ಹೇಳ್ಬಿಡ್ತೇನೆ, ಇದು ಒಂದೇ ಆಲ್ಬಮ್ಮಿನ ಮೂರು ಎಲ್‌ಪಿ (ಗ್ರಾಮಫೋನ್ ರೆಕಾರ್ಡ್) ಪ್ರತಿ ಬಗ್ಗೆ ರಿವ್ಯೂ. ಒಂದು ಡುಪ್ಲಿಕೇಟು, ಒಂದು ಅಸಲಿ ನಂದು, ಇನ್ನೊಂದು ಮಡಗಾಂವಿನ ಗೆಳೆಯಂದು. ಸ್ಲೀಪ್ ಅಂತ ಅಮೆರಿಕದ ಬ್ಯಾಂಡು, ಡೋಪ್‌ಸ್ಮೋಕರ್ ಅಂತ ಆಲ್ಬಮ್ಮು. ಹೆವಿ ಮೆಟಲ್ಲೇ, ಆದ್ರೆ ನೀವು ಅಂದ್ಕೊಂಡ ಹಾಗೆ ಓಡೋ ಮೆಟಲ್ ಅಲ್ಲ, ಆನೆ ನಡ್ದ ಹಾಗೆ ನಡೆಯೋ ಮೆಟಲ್, ಒಟ್ಟು 63 ನಿಮಿಷ, ಒಂದೇ ಹಾಡು. ಹೌದು, ಒಂದೇ. ಕಾರವಾರದ ಕಾಜೂಬಾಗದ ನಮ್ಮ ಬಾಡಿಗೆ ಮನೇಲಿ ಆಯಿ ಇದಕ್ಕೆ ಇಟ್ಟ ಹೆಸ್ರು "ಗುಂಯ್ ಪ್ಲೇಟು".

ಹಾಡು ನಂಗೆ ಹೊಸ್ತೇನಲ್ಲ. ಹುಬ್ಬಳ್ಳಿ ಹಾಸ್ಟೆಲ್ಲಲ್ಲಿ ಇದ್ದಾಗ ಒಬ್ಬ ಸೀನಿಯರ್ ಪೆನ್‌ಡ್ರೈವಲ್ಲಿ ಹಾಕಿ ಕೊಟ್ಟಿದ್ದ, ಒಂದೇ ಎಂಪಿ3 ಫೈಲು, ಅದನ್ನ ಲ್ಯಾಪ್‌ಟಾಪಿನ ಸ್ಪೀಕರಲ್ಲಿ ಕೇಳಿದ್ದು, ಅಂದ್ರೆ ಕೇಳ್ಲಿಲ್ಲ ಅಂತ್ಲೇ ಲೆಕ್ಕ. ಯಾಕಂದ್ರೆ ಈ ಆಲ್ಬಮ್ಮಲ್ಲಿ ಇರೋದೇ ತಳದ ಸದ್ದು. ಗಿಟಾರಿನ ತಂತಿ ಸಡ್ಲ ಮಾಡಿ ಸಿ ಸ್ವರದ ವರೆಗೆ ಇಳ್ಸಿ, ಅದನ್ನ ದೊಡ್ಡ ದೊಡ್ಡ ವಾಲ್ವ್ ಆಂಪ್ಲಿಫೈಯರಿಗೆ ಕೊಟ್ಟು, ಒಂದೇ ರಿಫ್ಫನ್ನ (ಮತ್ತೆ ಮತ್ತೆ ಬರೋ ಸಣ್ಣ ಸ್ವರದ ತುಂಡು) ಹಿಂದಿಂದ ಮುಂದಿಂದ ಉಜ್ಜಿ ಉಜ್ಜಿ ನುಡಿಸ್ತಾರೆ. ಲ್ಯಾಪ್‌ಟಾಪಲ್ಲಿ ಅದು ಪಕ್ಕದ ಮನೇಲಿ ಮಿಕ್ಸಿ ತಿರುಗಿದ ಹಾಗೆ ಕೇಳ್ತದೆ. ಆಗ ಹತ್ತು ನಿಮಿಷ ಕೇಳಿ ಬಂದ್ ಮಾಡಿದ್ದೆ. ಕೆಲ್ಸ ಸಿಕ್ಕಿ, ಕಾರವಾರಕ್ಕೆ ಬಂದು, ಒಂದು ಸೆಕೆಂಡ್ ಹ್ಯಾಂಡ್ ಆಂಪು, ಎರಡು ಡಬ್ಬದಂಥ ಸ್ಪೀಕರು, ಆಡಿಯೋ ಟೆಕ್ನಿಕಾದ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ಲು ಅಂತ ಒಂದೊಂದೇ ಕೂಡಿಸಿದ ಮೇಲೆ ಇದರ ಹುಚ್ಚು ಹಿಡೀತು.

ಕಥೆ ಗೊತ್ತಿಲ್ದವ್ರಿಗೆ ಸ್ವಲ್ಪ ಹೇಳ್ತೇನೆ, ಗೊತ್ತಿದ್ದವ್ರು ಕೆಳಗೆ ಹಾರಿ. ಸ್ಲೀಪ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನವ್ರು, ಮೂರೇ ಜನ. ಬೇಸ್ ಗಿಟಾರು ಮತ್ತೆ ಹಾಡೋದು ಆಲ್ ಸಿಸ್ನೆರೋಸ್, ಗಿಟಾರ್ ಮ್ಯಾಟ್ ಪೈಕ್, ಡ್ರಮ್ಸ್ ಕ್ರಿಸ್ ಹಾಕಿಯಸ್. ಲಂಡನ್ ರೆಕಾರ್ಡ್ಸ್ ಅನ್ನೋ ದೊಡ್ಡ ಕಂಪ್ನಿ ಇವ್ರಿಗೆ ಒಳ್ಳೆ ಅಡ್ವಾನ್ಸ್ ಕೊಟ್ಟು ಸೈನ್ ಮಾಡಿಸ್ಕೊಳ್ತು, ಇವ್ರು 1996ರಲ್ಲಿ ಬಿಲ್ಲಿ ಆಂಡರ್ಸನ್ ಜೊತೆ ಸ್ಟುಡಿಯೋಕ್ಕೆ ಹೋಗಿ ಹೊತ್ಕೊಂಡು ಬಂದಿದ್ದು ಈ ಒಂದು ಹಾಡನ್ನ. ಮದುವೆ ಅಡುಗೆ ಮಾಡಿ ಅಂತ ದುಡ್ಡು ಕೊಟ್ರೆ ಒಂದು ಹಂಡೆ ತುಂಬ ಬರೀ ಅಪ್ಪೆಹುಳಿ ಮಾಡಿಟ್ಟ ಹಾಗೆ. ಅಪ್ಪೆಹುಳಿ ಎಷ್ಟೇ ಚಲೋ ಇರ್ಲಿ, ಬೀಗರು ಒಪ್ಪಬೇಕಲ್ಲ. ಕಂಪ್ನಿ ಒಪ್ಲಿಲ್ಲ, ಎಳೆದಾಟ ಆಯ್ತು, ಬ್ಯಾಂಡೇ ಒಡೀತು. ಆಮೇಲೆ ಅದರ 52 ನಿಮಿಷದ ಒಂದು ರೂಪ ಜೆರುಸಲೇಮ್ ಅನ್ನೋ ಹೆಸ್ರಲ್ಲಿ 1999ರಲ್ಲಿ ಬಂತು, ಸಿಡೀಲಿ ಆರು ತುಂಡು ಮಾಡಿ. ಅದಕ್ಕಿಂತ ಮೊದ್ಲೇ ಕದ್ದ ಪ್ರತಿಗಳು ಓಡಾಡ್ತಾ ಇದ್ವು. ಪೂರ್ತಿ 63 ನಿಮಿಷದ್ದು, ಡೋಪ್‌ಸ್ಮೋಕರ್ ಅನ್ನೋ ಹೆಸ್ರಲ್ಲಿ, ಟೀ ಪೀ ರೆಕಾರ್ಡ್ಸಿಂದ ಬಂದಿದ್ದು 2003ಕ್ಕೆ. 2012ರಲ್ಲಿ ಸದರ್ನ್ ಲಾರ್ಡ್‌ನವ್ರು ಬ್ರಾಡ್ ಬೋಟ್‌ರೈಟ್ ಕೈಲಿ ಹೊಸದಾಗಿ ಮಾಸ್ಟರ್ ಮಾಡಿಸಿ, ಅಂದ್ರೆ ಸದ್ದು ತಿದ್ದಿಸಿ, ಏರಿಕ್ ರೋಪರ್ ಅವ್ರ ಹೊಸ ಚಿತ್ರ ಹಾಕಿ ಎರಡು ರೆಕಾರ್ಡಿನ ಸೆಟ್ ತಂದ್ರು. ನಂದು ಅದೇ. ಆಮೇಲೆ ಥರ್ಡ್ ಮ್ಯಾನ್ ರೆಕಾರ್ಡ್ಸ್‌ನವ್ರೂ ಹಾಟ್ ಲಾವಾ ಮ್ಯಾನ್ ಅನ್ನೋ ಹಾಡು ಸೇರಿಸಿ ಮತ್ತೆ ತಂದ್ರು, ಗೆಳೆಯಂದು ಅದು.

ಹಾಡಿನ ವಿಷ್ಯ ಗಾಂಜಾ, ಮರುಭೂಮೀಲಿ ಅದರ ಭಕ್ತರ ಯಾತ್ರೆ, ಹೆಸ್ರಲ್ಲೇ ಇದೆ, ಮುಚ್ಚಿಡೋದು ಏನಿಲ್ಲ. ನಾನು ಚಾ ಗಿರಾಕಿ. ಗೋಕರ್ಣ ಪಕ್ಕದಲ್ಲೇ ಇರೋದ್ರಿಂದ ಜನ ಬೇರೆ ಅರ್ಥ ಮಾಡ್ಕೊಳ್ತಾರೆ ಅಂತ ಹೇಳಿದೆ ಅಷ್ಟೆ. ಬ್ಯಾಂಡ್ ಒಡೆದ ಮೇಲೆ ಬೇಸಿನವ್ರೂ ಡ್ರಮ್ಸಿನವ್ರೂ ಸೇರಿ ಮಾಡಿದ ಇನ್ನೊಂದು ಬ್ಯಾಂಡಿನ ಹೆಸ್ರು ಓಂ, ಅದಕ್ಕೂ ನಮ್ಮ ಓಂ ಬೀಚಿಗೂ ಸಂಬಂಧ ಇಲ್ಲ, ಇದನ್ನೂ ಒಬ್ಬ ಕೇಳಿದ್ದ.

ಈಗ ಡುಪ್ಲಿಕೇಟಿನ ಕಥೆ. ನಾನು ಮೊದ್ಲು ತಗೊಂಡಿದ್ದು ಅದನ್ನೇ, ಗೊತ್ತಿಲ್ದೆ. ಆನ್‌ಲೈನಲ್ಲಿ ಒಬ್ಬ ಮಾರೋನು, ಹೆಸ್ರು ಬೇಡ, "ಇಂಪೋರ್ಟೆಡ್, ಸೀಲ್ ಪ್ಯಾಕ್" ಅಂತ 3,200 ರೂಪಾಯಿಗೆ ಹಾಕಿದ್ದ. ಎರಡು ರೆಕಾರ್ಡಿನ ಸೆಟ್ಟು ಈ ರೇಟಿಗೆ ಸಿಕ್ತದಾ ಅಂತ ಒಂದು ಕ್ಷಣ ಅನಿಸ್ತು, ಆದ್ರೆ ಆಸೆ. ಬಂತು, ಬಿಚ್ಚಿದೆ, ಕವರ್ ನೋಡಿದ್ರೆ ಮದುವೆ ಕಾಗದ ಝೆರಾಕ್ಸ್ ತೆಗ್ದ ಹಾಗೆ, ಚಿತ್ರದ ಅಂಚೆಲ್ಲ ಮಂಜು ಮಂಜು. ಬೆನ್ನಿನ ಮೇಲೆ ಅಕ್ಷರ ಅರ್ಧ ಈಚೆ ಬಂದು ಮುಂದಿನ ಮುಖದ ಮೇಲೆ ಕೂತಿದೆ. ಆಗ್ಲೂ ನಾನು ಸಮಾಧಾನ ಮಾಡ್ಕೊಂಡೆ, ಪ್ರಿಂಟ್ ಹೇಗೇ ಇರ್ಲಿ ಒಳಗಿನ ಮಾಲು ಮುಖ್ಯ ಅಂತ. ಮುಳ್ಳು ಇಟ್ಟೆ. ಹುಬ್ಬಳ್ಳಿ ಹಾಸ್ಟೆಲ್ಲು ನೆನಪಾಯ್ತು. ಅದೇ ಎಂಪಿ3, ಮಾರಾಯ್ರೆ! ಅದೇ ಮಿಕ್ಸಿ! ಯಾರೋ ಕಂಪ್ಯೂಟರಿಂದ ಫೈಲ್ ಎತ್ತಿ ಪ್ಲಾಸ್ಟಿಕ್ಕಿನ ಮೇಲೆ ಗೀರಿ ಕಳ್ಸಿದ್ದಾರೆ.

ರೆಕಾರ್ಡ್ ಅಸಲೋ ನಕಲೋ ನೋಡೋಕೆ ಒಂದು ಜಾಗ ಇದೆ, ಹೊಸಬ್ರಿಗೆ ಉಪಯೋಗ ಆಗ್ಲಿ ಅಂತ ಹೇಳ್ತೇನೆ. ಹಾಡಿನ ಗೆರೆ ಮುಗ್ದ ಮೇಲೆ, ಮಧ್ಯದ ಲೇಬಲ್ ಶುರು ಆಗೋ ಮೊದ್ಲು, ಒಂದು ಬೆರಳಗಲದ ನುಣುಪು ಪಟ್ಟಿ ಇರ್ತದೆ, ಡೆಡ್ ವ್ಯಾಕ್ಸ್ ಅಂತಾರೆ. ಅಲ್ಲಿ ಲೈಟಿಗೆ ಓರೆ ಹಿಡಿದ್ರೆ ಸಣ್ಣ ಅಕ್ಷರ, ನಂಬ್ರ ಕೆತ್ತಿದ್ದು ಕಾಣ್ತದೆ, ಯಾವ ಕಟಿಂಗು (ಅಂದ್ರೆ ಯಾವ ಸಲ ಗೆರೆ ಕೆತ್ತಿದ್ದು), ಯಾವ ಸೈಡು ಅಂತ ಗುರುತಿಗೆ. ಅದನ್ನ ರೆಕಾರ್ಡುಗಳ ಪಟ್ಟಿ ಇರೋ ಡಿಸ್ಕಾಗ್ಸ್ ವೆಬ್‌ಸೈಟಲ್ಲಿ ಹಾಕಿ ಹೊಂದಿಸ್ಕೊಳ್ಬಹುದು. ನನ್ನ 3,200ರ ಮಾಲಲ್ಲಿ ಆ ಪಟ್ಟಿ ಬೋಳು. ಮೊಬೈಲ್ ಟಾರ್ಚ್ ಹಿಡ್ಕೊಂಡು ನಾಲ್ಕೂ ಸೈಡು ತಿರುಗಿಸಿ ತಿರುಗಿಸಿ ನೋಡ್ತಾ ಇದ್ದೆ, ಆಯಿ ಬಂದು "ಎಂತಾ ಹುಡ್ಕ್ತಾ ಇದ್ಯಾ, ಅಕ್ಕೀಲಿ ಕಲ್ಲು ಹುಡ್ಕ್ದಂಗೆ" ಅಂದ್ಳು. ಮಾರಿದವ್ನಿಗೆ ಮೆಸೇಜ್ ಹಾಕಿದ್ರೆ ಮೊದ್ಲೆರಡು ದಿನ ನೋಡಿ ಸುಮ್ನಾದ, ಮೂರನೇ ದಿನ ಅಕೌಂಟೇ ಇಲ್ಲ. ಒಂದು ಲೆಕ್ಕದಲ್ಲಿ ಈ ಆಲ್ಬಮ್ಮಿಗೆ ಇದು ಸರಿಯೇ, ಹುಟ್ಟಿದಾಗಿಂದ ಕಳ್ಳ ಮಾಲಾಗೇ ಬೆಳೆದಿದ್ದು. ಆದ್ರೆ 3,200 ನಂದು.

ಅಸಲಿ, ಅಂದ್ರೆ 2012ರ ಸದರ್ನ್ ಲಾರ್ಡ್ ಸೆಟ್ಟು, ಬೆಂಗಳೂರಿನ ಒಬ್ಬ ಸಂಗ್ರಾಹಕರ ಹತ್ರ ಸಿಕ್ತು, ಕಪ್ಪು ಬಣ್ಣದ್ದು, ಕೊಟ್ಟಿದ್ದು 5,500. ಡೆಡ್ ವ್ಯಾಕ್ಸ್ ಫೋಟೋ ಮೊದ್ಲೇ ತರಿಸ್ಕೊಂಡೆ, ಸುಟ್ಟುಕೊಂಡವ್ನು ಮಜ್ಜಿಗೇನೂ ಊದಿ ಕುಡೀತಾನೆ. ಕೊರಿಯರ್‌ನವ್ರು ಒಂದು ಮೂಲೆ ಜಜ್ಜಿ ಕೊಟ್ರು, ಅದು ಬೇರೆ ಬೇಜಾರು, ಒಳಗೆ ಏನೂ ಆಗಿರ್ಲಿಲ್ಲ. ಆ ದಿನ ರಾತ್ರಿ ಹಾಕಿ ಕೇಳಿದೆ, ಹಾಲಿನ ಶೋಕೇಸಿನ ಗಾಜು ಸಣ್ಣಗೆ ಜಿಂಯ್ ಅಂತು. ಸೌಂಡ್ ಜಾಸ್ತಿ ಇಟ್ಟಿದ್ದಕ್ಕಲ್ಲ, ಬೇಸು ಅಷ್ಟು ತಳಕ್ಕೆ ಹೋಗ್ತದೆ. ಡುಪ್ಲಿಕೇಟಲ್ಲಿ ಬೇಸು, ಗಿಟಾರು ಎರಡೂ ಸೇರಿ ಒಂದೇ ರಾಡಿ. ಇದ್ರಲ್ಲಿ ಗಿಟಾರಿನ ಗರಗರ ಮೇಲೆ ತೇಲ್ತದೆ, ಬೇಸು ಕೆಳಗೆ ಬೇರೆಯಾಗೇ ಹರೀತದೆ, ನಡುವೆ ಡ್ರಮ್ಸಿನ ಚರ್ಮ ಹೊಡ್ದು ಬಿಟ್ಟ ಮೇಲೆ ಕಂಪಿಸೋದೂ ಕೇಳ್ತದೆ. ಮಳೆಗಾಲದಲ್ಲಿ ಕಾಳಿ ನದಿ ಸಮುದ್ರಕ್ಕೆ ಸೇರೋ ಕಡೆ ಕೆಂಪು ನೀರು ಬೇರೆ, ಹಸಿರು ನೀರು ಬೇರೆ ಅಂತ ಸೇತುವೆ ಮೇಲಿಂದ ಕಾಣ್ತದಲ್ಲ, ಹಾಗೆ.

ಇನ್ನು ಸೈಡಿನ ವಿಷ್ಯ, ನನ್ನ ಮಟ್ಟಿಗೆ ಇಡೀ ರಿವ್ಯೂ ಇದಕ್ಕೇ. 63 ನಿಮಿಷದ ಒಂದೇ ಹಾಡು ಎಲ್‌ಪಿ ಒಂದು ಮುಖದ ಮೇಲೆ ಕೂರೋದಿಲ್ಲ. ಮೂರು ಸೈಡಿಗೆ ಹಂಚಿದ್ದಾರೆ, ಸುಮಾರು 21 ನಿಮಿಷಕ್ಕೊಂದು. ನಾಲ್ಕನೇ ಸೈಡಲ್ಲಿ ಬೇರೆ ಲೈವ್ ಹಾಡು. ಹೆಚ್ಚು ತುರುಕ್ಬಹುದಿತ್ತಲ್ಲ ಅಂತ ಕೇಳ್ಬಹುದು. ಬೇಸ್ ಸದ್ದು ಗೆರೆಯಲ್ಲಿ ಅಗಲಕ್ಕೆ ಬಳುಕ್ತದೆ, ಜಾಗ ತಿಂತದೆ. ಅದಕ್ಕೇ ಕೆತ್ತೋವಾಗ ಬೇಸನ್ನ ತಗ್ಗಿಸಿ ಕೆತ್ತಿ, ಆಡಿಸೋವಾಗ ಪ್ರೀ ಆಂಪಲ್ಲಿ ಮತ್ತೆ ಎತ್ತೋದು, ಆದ್ರೂ ಇಂಥ ತಳದ ಸದ್ದಿನ ಹಾಡನ್ನ ಉದ್ದ ಮಾಡಿದಷ್ಟೂ ಗೆರೆ ಒತ್ತೊತ್ತಾಗಿ, ಒಟ್ಟು ಸೌಂಡೇ ಇಳಿಸ್ಬೇಕಾಗ್ತದೆ. ಮೇಲಿಂದ ಇನ್ನೊಂದು ತೊಂದ್ರೆ. ರೆಕಾರ್ಡ್ ನಿಮಿಷಕ್ಕೆ 33 ಚಿಲ್ರೆ ಸುತ್ತು, ಹೊರಗಿನ ಅಂಚಲ್ಲಿ ಮುಳ್ಳಿನ ಕೆಳಗೆ ಗೆರೆ ಸೆಕೆಂಡಿಗೆ 50 ಸೆಂಟಿಮೀಟರ್ ಲೆಕ್ಕದಲ್ಲಿ ಓಡಿದ್ರೆ ಒಳಗೆ ಲೇಬಲ್ ಹತ್ರ ಬರೋ ಹೊತ್ತಿಗೆ 20ರ ಆಸುಪಾಸಿಗೆ ಇಳಿದಿರ್ತದೆ. ಕಮ್ಮಿ ಜಾಗದಲ್ಲಿ ಅಷ್ಟೇ ಸದ್ದು ಬರೀಬೇಕು, ಹಾಗಾಗಿ ಸೈಡಿನ ಕೊನೆಗೆ ಬಂದ ಹಾಗೆ ಚುರುಕು ಕಮ್ಮಿ. ಸಿಂಬಲ್ ಜಾಸ್ತಿ ಇರೋ ಫಾಸ್ಟ್ ಮೆಟಲ್ಲಿಗೆ ಇದು ಎದ್ದು ಕಾಣ್ತದೆ, ಸ್ಲೀಪಿಗೆ ಅಷ್ಟಾಗಿ ಗೊತ್ತಾಗೋದಿಲ್ಲ, ಮೊದ್ಲೇ ಎಲ್ಲ ಗರಗರ.

ತಮಾಷೆ ಏನಂದ್ರೆ ಹಾಡು ರೆಕಾರ್ಡ್ ಆದ ದಿನಾನೇ ತುಂಡಾಗಿತ್ತು. ಸ್ಟುಡಿಯೋ ಟೇಪಿನ ಒಂದು ರೀಲು ಇಪ್ಪತ್ತು ಚಿಲ್ರೆ ನಿಮಿಷಕ್ಕೆ ಖಾಲಿ, ಹಾಗಾಗಿ ಭಾಗ ಭಾಗ ನುಡಿಸಿ, ಟೇಪ್ ಕತ್ತರಿಸಿ ಅಂಟಿಸಿದ್ದು. ಸಿಡೀಲಿ, ಫೋನಲ್ಲಿ ಕೇಳೋವ್ರಿಗೆ 63 ನಿಮಿಷ ಅಖಂಡ. ನಾವು 21 ನಿಮಿಷಕ್ಕೊಂದು ಸಲ ಎದ್ದು ಹೋಗಿ ಮಗುಚ್ತೇವೆ. ಮೊದ್ಮೊದ್ಲು ಅದೇ ಕಿರಿಕಿರಿ ಅನಿಸಿತ್ತು, ಇಷ್ಟು ದುಡ್ಡು ಕೊಟ್ಟು ಹಾಡು ಕಟ್ ಆಗೋದನ್ನ ತಗೊಂಡ್ನಲ್ಲ ಅಂತ. ಈಗ ಹಾಗಿಲ್ಲ. ಫೋನಲ್ಲಿ ಹಾಕಿದ್ರೆ ನಾನು ಇಪ್ಪತ್ತನೇ ನಿಮಿಷಕ್ಕೆ ನಿದ್ದೆ, ಬ್ಯಾಂಡಿನ ಹೆಸ್ರಿಗೆ ತಕ್ಕ ಹಾಗೆ. ರೆಕಾರ್ಡಲ್ಲಿ ಮಲಗೋಕೆ ಬಿಡೋದಿಲ್ಲ. ರಿಫ್ ನಿಂತು ಮುಳ್ಳು ಡೆಡ್ ವ್ಯಾಕ್ಸಲ್ಲಿ ಟಕ್... ಟಕ್... ಅಂತ ಸುತ್ತೋಕೆ ಶುರು ಮಾಡಿದ್ರೆ ಏಳ್ಲೇಬೇಕು. ಕೈ ಎತ್ತಿ, ಮುಳ್ಳಿನ ತುದಿಗೆ ಹತ್ತಿದ ಹತ್ತಿಯಂಥ ಧೂಳನ್ನ ಬ್ರಷ್ಷಲ್ಲಿ ಹಿಂದಿಂದ ಮುಂದಕ್ಕೆ ಒಂದು ಸಲ ಎಳ್ದು, ಮಗುಚಿ ಮತ್ತೆ ಇಡೋ ಹೊತ್ತಿಗೆ ಕಿವಿ ಖಾಲಿ ಆಗಿರ್ತದೆ, ಅದೇ ರಿಫ್ಫು ಹೊಸದಾಗಿ ಬಂದು ಕೂರ್ತದೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವ್ರಿಗೆ ಗೊತ್ತು, ನಡುವೆ ಎದ್ದು ಹೋಗಿ ಒಂದು ಚಾ, ಒಂದು ಮಂಡಕ್ಕಿ ತಿಂದು ಬಂದ್ರೇನೇ ಬೆಳಗಿನ ಯುದ್ಧಕ್ಕೆ ಕಣ್ಣು ತೆರ್ದಿರೋದು.

ಆಟ ಅಂದಿದ್ದಕ್ಕೆ ನೆನಪಾಯ್ತು. ನಮ್ಮ ದೊಡ್ಡಪ್ಪ ಶಿರಸಿ ಕಡೆಯವ್ರು, ತೋಟ ಇದೆ, ಒಂದು ಕಾಲಕ್ಕೆ ತಾಳಮದ್ದಳೇಲಿ ಮದ್ದಳೆ ಬಾರಿಸ್ತಿದ್ರು. ಜಮೀನಿನ ಕಾಗದದ ಕೆಲ್ಸಕ್ಕೆ ಡಿಸಿ ಆಫೀಸಿಗೆ ಬಂದವ್ರು ರಾತ್ರಿ ನಮ್ಮನೇಲೇ ಉಳಿದ್ರು. ಊಟ ಆದ ಮೇಲೆ ಅವ್ರೇ "ಆ ಪ್ಲೇಟ್ ಹಾಕು ನೋಡ್ವ" ಅಂದ್ರು, ನಾನು ಸುಬ್ಬಲಕ್ಷ್ಮಿಯವ್ರದ್ದು ತೆಗೆಯೋಕೆ ಹೋದ್ರೆ ಬೇಡ, ನೀ ಕೇಳೋದನ್ನೇ ಹಾಕು ಅಂದ್ರು. ಹಾಕಿದೆ. ಕಣ್ಣು ಮುಚ್ಚಿ, ತೊಡೆ ಮೇಲೆ ಬೆರಳಲ್ಲಿ ಲೆಕ್ಕ ಹಿಡೀತಾ ಕೂತ್ರು. ಈ ಹಾಡಲ್ಲಿ ಬಾಯಿ ತೆರೆಯೋದೇ ಎಂಟು ನಿಮಿಷ ದಾಟಿದ ಮೇಲೆ. ಒಂದು ಐದಾರು ನಿಮಿಷ ಆಗಿತ್ತು, ಕಣ್ಣು ಬಿಡದೇನೇ "ತಮಾ, ಸುರು ಆಗಿ ಹೊತ್ತಾತು, ಪದ್ಯ ಇನ್ನೂ ಬಂಜೇ ಇಲ್ಲೆ" ಅಂದ್ರು. ಬರ್ತದೆ ದೊಡ್ಡಪ್ಪ, ತಡೀರಿ ಅಂದೆ. ಪದ್ಯ ಬಂತು. ಸಿಸ್ನೆರೋಸ್ ಹಾಡೋದು ಹೆಚ್ಚುಕಮ್ಮಿ ಒಂದೇ ಸ್ವರದ ಮೇಲೆ, ದೊಡ್ಡಪ್ಪ ತಲೆ ತೂಗಿ "ಇವ ವೇದ ಹೇಳ್ದಾಂಗೆ ಹೇಳ್ತಾ ಇದ್ದ" ಅಂದ್ರು. ಇಂಗ್ಲಿಷ್ ಮ್ಯಾಗಜೀನಲ್ಲಿ ಎಷ್ಟೋ ಪುಟ ಓದಿದ್ದೇನೆ ಈ ಹಾಡಿನ ಬಗ್ಗೆ, ಇಷ್ಟು ಸರಿಯಾಗಿ ಯಾರೂ ಹೇಳಿದ್ದು ಕಾಣೆ. ತಾಳ ಎಲ್ಲೂ ಓಡಿಸೋದಿಲ್ಲ, ಅದು ಚಲೋ ಅಂತನೂ ಅಂದ್ರು. ಮೊದಲ್ನೇ ಸೈಡು ಮುಗೀತು, ಸದ್ದು ನಿಂತಿದ್ದೇ ತಡ ದೊಡ್ಡಪ್ಪ ಕಣ್ಣು ಬಿಟ್ಟು "ಎಂತಾ ಆತು, ಕರೆಂಟ್ ಹೋತಾ?" ಅಂತ ಲೈಟ್ ನೋಡಿದ್ರು. ಇಲ್ಲ, ಮಗುಚ್ಬೇಕು ಅಂದೆ. "ಅಷ್ಟಕ್ಕೇ ನಿಲ್ಸದಾ? ಕೆಲಸ ಬಗೆಹರಿದ್ದಿಲ್ಲೆ" ಅಂದ್ರು, ಮೂರನೇ ಸೈಡಿನ ಹೊತ್ತಿಗೆ ಕೂತಲ್ಲೇ ಗೊರಕೆ.

ಕರೆಂಟ್ ಅಂದ್ರೆ, ಅದೂ ಹೇಳ್ಬೇಕು. ಜೂನಿಂದ ಸೆಪ್ಟೆಂಬರ್ ವರೆಗೆ ಇಲ್ಲಿ ಮರ ಬಿದ್ದು, ತಂತಿ ತುಂಡಾಗಿ ಕರೆಂಟ್ ಹೋಗೋದು ಮಾಮೂಲಿ. ನಮ್ಮನೇಲಿ ಆಂಪಿನ ಪ್ಲಗ್ಗು ಇನ್ವರ್ಟರ್ ಲೈನಲ್ಲಿದೆ, ಟರ್ನ್‌ಟೇಬಲ್ಲಿನ ಪ್ಲಗ್ಗು ಬೇರೆ ಗೋಡೇಲಿ, ಅದಕ್ಕೆ ಇನ್ವರ್ಟರ್ ಇಲ್ಲ. ಹಾಗಾಗಿ ಕರೆಂಟ್ ಹೋದ್ರೆ ಸ್ಪೀಕರ್ ಜೀವಂತ, ಪ್ಲೇಟು ಮಾತ್ರ ನಿಧಾನಕ್ಕೆ ನಿಲ್ಲೋದು. ಬೇರೆ ಯಾವ ಹಾಡಿಗಾದ್ರೂ ಹಾಡೋವ್ರಿಗೆ ಹೊಟ್ಟೆನೋವು ಬಂದ ಹಾಗೆ ಕೇಳಿ ತಕ್ಷಣ ಗೊತ್ತಾಗ್ತದೆ. ಇದಕ್ಕೆ ಹಾಗಲ್ಲ. ಹೋದ ಜುಲೈಯಲ್ಲಿ ಎರಡನೇ ಸೈಡು ನಡೀತಾ ಇತ್ತು, ಕತ್ತಲಲ್ಲೇ ಕೂತು ಕೇಳ್ತಾ ಇದ್ದೆ, ರಿಫ್ಫು ಇದ್ದಕ್ಕಿದ್ದ ಹಾಗೆ ಇನ್ನೂ ಭಾರ ಆಗಿ, ಇನ್ನೂ ಕೆಳಗಿಳಿದು, ಇನ್ನೂ ನಿಧಾನ ಆಯ್ತು, ಆಹಾ ಈ ಜಾಗ ನಾನು ಇಷ್ಟು ದಿನ ಗಮನಿಸಿರ್ಲೇ ಇಲ್ವಲ್ಲ ಅಂತ ಮೈ ಜುಂ ಅಂತು. ಪೂರ್ತಿ ನಿಂತ ಮೇಲೆ ಗೊತ್ತಾಯ್ತು ಕರೆಂಟ್ ಹೋಗಿದ್ದು.

ಥರ್ಡ್ ಮ್ಯಾನ್ ಪ್ರತಿ ಬಗ್ಗೆ ಕೇಳೋವ್ರು ಜಾಸ್ತಿ, ನಾನೂ ಅದಕ್ಕೇ ಕಾದಿದ್ದೆ. ಗೆಳೆಯ 2024ರ ಆಗಸ್ಟ್ ಎರಡನೇ ವಾರ ತರ್ತೇನೆ ಅಂದಿದ್ದ, ಆದ್ರೆ 7ನೇ ತಾರೀಕು ನಡುರಾತ್ರಿ ಕಾಳಿ ಹಳೇ ಸೇತುವೆ ಕುಸಿದು ಬಿತ್ತಲ್ಲ, ಲಾರಿ ಸಮೇತ, ಪುಣ್ಯಕ್ಕೆ ಡ್ರೈವರ್ ಬದುಕಿದ್ರು. ಆಮೇಲೆ ಇವ್ನಿಗೆ ಹೊಸ ಸೇತುವೆ ದಾಟೋಕೆ ಧೈರ್ಯ ಬಂದಿದ್ದು ಚೌತಿ ಕಳೆದ ಮೇಲೆ. ಬಂದ. ಒಂದು ಪಂದ್ಯ ಮಾಡಿದ್ವಿ. ನಾನು ಗೋಡೆ ಕಡೆ ಮುಖ ಮಾಡಿ ಕೂರೋದು, ಅವ್ನು ಎರಡ್ರಲ್ಲಿ ಯಾವ್ದಾದ್ರೂ ಒಂದರ ಮೊದಲ್ನೇ ಸೈಡು ಹಾಕೋದು, ನಾನು ಹೇಳ್ಬೇಕು ಯಾವ್ದು ಅಂತ. ಐದು ಸಲದಲ್ಲಿ ಎರಡು ಸರಿ ಹೇಳಿದೆ. ಅವ್ನು ಕೂತಾಗ ಐದಕ್ಕೆ ಮೂರು. ನಾಣ್ಯ ಚಿಮ್ಮಿದ್ರೂ ಇಷ್ಟೇ ಬರ್ತಿತ್ತು. ಅವ್ನ ಪ್ರತೀಲಿ ಡ್ರಮ್ಸ್ ಒಂದು ಹಿಡಿ ಮುಂದೆ ಇದೆ ಅಂತ ನಂಗೆ ಅನಿಸ್ತದೆ, ಆದ್ರೆ ಗೋಡೆ ನೋಡ್ತಾ ಕೂತಾಗ ಆ ಹಿಡಿ ಎಲ್ಲೂ ಸಿಗ್ಲಿಲ್ಲ. ಎಪ್ಪತ್ತು ಸಾವಿರದ ಸ್ಪೀಕರ್ ಇದ್ದವ್ರಿಗೆ ಸಿಗ್ಬಹುದೇನೋ. ಅದ್ರಲ್ಲಿರೋ ಹಾಟ್ ಲಾವಾ ಮ್ಯಾನ್ ಚಲೋ ಇದೆ, ಅದಕ್ಕೋಸ್ಕರ ಬೇಕಿದ್ರೆ ತಗೊಳ್ಳಿ.

ಹಾಗಾಗಿ ಬಣ್ಣ ಬಣ್ಣದ್ದು ಹುಡ್ಕೋ ಸಂಗ್ರಹದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಹಸಿರು, ನೇರಳೆ, ಚುಕ್ಕಿ ಚುಕ್ಕಿ, ಲಿಮಿಟೆಡ್ ಅಂತ ಒಂದೇ ಆಲ್ಬಮ್ಮಿಗೆ ಹತ್ತು ಹದಿನೈದು ಸಾವಿರ ಹೇಳೋವ್ರಿದ್ದಾರೆ, ಕೊಡೋವ್ರೂ ಇದ್ದಾರೆ. ಒಳಗಿನ ಗೆರೆ ಅದೇ ಕಟಿಂಗಿಂದಾದ್ರೆ ಬಣ್ಣ ನೋಡೋಕೆ ಚಂದ, ಅಷ್ಟೆ. ಡುಪ್ಲಿಕೇಟಿಗೂ ಅಸಲಿಗೂ ಹಗಲು ರಾತ್ರಿ ವ್ಯತ್ಯಾಸ ಇದೆ, ಅಸಲಿಗೂ ಅಸಲಿಗೂ ಇರೋ ವ್ಯತ್ಯಾಸ ಕಿಸೇಲಿ ಮಾತ್ರ. ಹೀಗೆ ಹೇಳ್ತಾ 2003ರ ಪ್ರತಿ ಯಾರ ಹತ್ರ ಆದ್ರೂ ಇದ್ರೆ ರೇಟ್ ಕೇಳೋನು ನಾನೇ, ಅದು ಬೇರೆ.

ನಮ್ಮ ಕರಾವಳೀಲಿ ದುಡ್ಡು ಹಾಕ್ಬೇಕಾಗಿದ್ದು ಎರಡನೇ ಪ್ರತಿಗಲ್ಲ, ಇದ್ದ ಪ್ರತಿ ಉಳಿಸ್ಕೊಳ್ಳೋಕೆ. ಜೂನ್ ಬಂತು ಅಂದ್ರೆ ಬೆಲ್ಟು, ಚಪ್ಲಿ, ಸರ್ಟಿಫಿಕೇಟ್ ಫೈಲು ಎಲ್ಲದಕ್ಕೂ ಬೂಷ್ಟು ಹಿಡಿಯೋ ಊರು ಇದು, ರೆಕಾರ್ಡನ್ನ ಬಿಡ್ತದಾ? ನಂಗೆ ಮೊದ್ಲನೇ ಮಳೆಗಾಲ ಪಾಠ ಕಲಿಸ್ತು. ಗೋಡೆಗೆ ಒತ್ತಿ ಇಟ್ಟಿದ್ದೆ, ಪೇಪರಿನ ಒಳ ಕವರಲ್ಲಿ. ಆಗಸ್ಟಲ್ಲಿ ತೆಗೆದ್ರೆ ಕಪ್ಪು ಪ್ಲೇಟಿನ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕಿ, ಓರೆ ಹಿಡಿದ್ರೆ ಒಂದೊಂದು ಚುಕ್ಕಿಗೂ ಜೇಡರ ಬಲೆ ಹಾಗೆ ಸಣ್ಣ ಬೇರು. ಹಾಕಿದ್ರೆ ಹಂಚಿನ ಮೇಲೆ ಸಾಸಿವೆ ಸಿಡಿದ ಸದ್ದು. ತೊಳೆದೆ, ಹೋಯ್ತು. ಕಾರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು, ಬ್ಯಾಟರಿ ಅಂಗಡೀಲಿ ಸಿಕ್ತದೆ, ಅದಕ್ಕೆ ಮೆಡಿಕಲ್ಲಲ್ಲಿ ಸಿಗೋ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ, ಮೆತ್ತನೆ ಬ್ರಷ್ಷಲ್ಲಿ ಗೆರೆ ಹೋದ ದಿಕ್ಕಲ್ಲೇ ತಿಕ್ಕಿ, ಮತ್ತೆ ಬರೀ ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಫ್ಯಾನ್ ಕೆಳಗೆ ನಿಲ್ಸಿ ಒಣಗ್ಸಿ. ಲೇಬಲ್ ಒದ್ದೆ ಆಗ್ಬಾರ್ದು. ನಲ್ಲಿ ನೀರು ಬೇಡ, ಸುಣ್ಣ ಕೂರ್ತದೆ. ಬಿಸಿಲಿಗಂತೂ ಇಡ್ಲೇಬೇಡಿ, ಹಪ್ಪಳ ಆಗ್ತದೆ. ಇನ್ನೊಂದು, ಅಜ್ಜನ ಕಾಲದ 78ರ ಪ್ಲೇಟ್ ಇದ್ರೆ ಅದಕ್ಕೆ ಆಲ್ಕೋಹಾಲ್ ಮುಟ್ಟಿಸ್ಬೇಡಿ, ಅದು ಅರಗಿಂದು, ಕರಗಿ ಹೋಗ್ತದೆ. ದೊಡ್ಡಪ್ಪನ ಮನೇಲಿ ಒಂದು ಹಾಗೇ ಹಾಳಾಯ್ತು, ನನ್ನ ಕೈಯಿಂದಲೇ, ಯಾರದ್ದು ಅಂತ ಹೇಳೋದಿಲ್ಲ.

ಈಗ ಒಳ ಕವರೆಲ್ಲ ಪಾಲಿಥಿನ್ನಿಂದು, ಪೇಪರು ತೇವ ಕುಡೀತದೆ. ರೆಕಾರ್ಡುಗಳು ಮರದ ಕಪಾಟಲ್ಲಿ ನೆಟ್ಟಗೆ ನಿಂತಿವೆ, ಗೋಡೆಯಿಂದ ಒಂದು ಗೇಣು ದೂರ, ಕೆಳಗಿನ ಖಾನೇಲಿ ಒಂದು ಝೀರೋ ಬಲ್ಬು ಮಳೆಗಾಲ ಪೂರ್ತಿ ಉರೀತದೆ, ನಮ್ಮ ಕಡೆ ಕ್ಯಾಮೆರಾ ಇಡೋವ್ರು ಮಾಡೋದು ಇದನ್ನೇ. ಬಲ್ಬು ಮತ್ತೆ ರೆಕಾರ್ಡ್ ನಡುವೆ ಒಂದು ಹಲಗೆ ಇರ್ಲಿ. ಹೀಗೆ ಮಾಡಿದ ಮೇಲೆ ಎರಡು ಮಳೆಗಾಲ ಕಳೀತು, ಉಪ್ಪಿನ ಚುಕ್ಕಿ ಕಂಡಿಲ್ಲ. ಕಪಾಟು ಬೆಚ್ಚಗಿರ್ತದೆ ಅಂತ ಆಯಿ ಹಲಸಿನ ಹಪ್ಪಳದ ಡಬ್ಬಾನೂ ಅಲ್ಲೇ ತಂದು ಇಟ್ಟಿದ್ದಾಳೆ, ರೆಕಾರ್ಡ್ ತೆಗೆದ್ರೆ ಕವರಿಗೆ ಸಣ್ಣ ಇಂಗಿನ ವಾಸನೆ.

ಮಾರ್ಕ್ಸ್ ಕೊಡ್ಲೇಬೇಕು ಅಂದ್ರೆ 2012ರ ಸೆಟ್ಟಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಟ್ ಅಂದ್ರೆ ನಾಲ್ಕನೇ ಸೈಡು, ಆ ಲೈವ್ ಹಾಡು ಕೆಟ್ಟದಲ್ಲ, ಆದ್ರೆ 63 ನಿಮಿಷ ನಡ್ದು ಬಂದ ಮೇಲೆ ಮತ್ತೆ ಚಪ್ಲಿ ಮೆಟ್ಟೋಕೆ ಮನಸ್ಸಾಗೋದಿಲ್ಲ, ನಾನು ಎರಡೇ ಸಲ ಕೇಳಿದ್ದು. ಮೊದ್ಲ ಸಲ ಮೆಟಲ್ ಕೇಳೋವ್ರು ಇದ್ರಿಂದ ಶುರು ಮಾಡ್ಬೇಡಿ, ಕಿಸೆಗೂ ಕಿವಿಗೂ ಭಾರ. ವಿಳಂಬಿತ್ ಖಯಾಲ್ ಕೂತು ಕೇಳೋ ಅಭ್ಯಾಸ ಇದ್ದವ್ರಾದ್ರೆ ಧೈರ್ಯವಾಗಿ ಶುರು ಮಾಡಿ.

ಡುಪ್ಲಿಕೇಟ್ ಸೆಟ್ಟು ಇನ್ನೂ ಇಲ್ಲೇ ಇದೆ. ಮಾರೋಕೆ ಮನಸ್ಸಿಲ್ಲ, ಮತ್ತೊಬ್ಬನ ತಲೆಗೆ ಕಟ್ಟಿದ ಹಾಗೆ ಆಗ್ತದೆ. ಹೊಸ ಮುಳ್ಳು ಹಾಕಿದಾಗ ತೂಕ ಸರಿ ಕೂತಿದೆಯಾ ನೋಡೋಕೆ ಮೊದ್ಲು ಅದನ್ನ ಹಾಕ್ತೇನೆ, ಗೀರು ಬಿದ್ರೂ ಬೇಜಾರಿಲ್ಲ. ಹೋದ ವಾರ ಹಾಗೇ ಒಂದೆರಡು ನಿಮಿಷ ಓಡಿಸಿ ಎತ್ತಿದೆ, ಆಯಿ ಅಡುಗೆಮನೆಯಿಂದ "ಇದು ಗುಂಯ್ ಪ್ಲೇಟ್ ಅಲ್ದಲಾ, ಬೇರೆಂತದೋ ಹಾಕಿದ್ದೆ" ಅಂದ್ಳು.